ರ‍್ಯಾಂಪ್ ಪ್ರೋಟೀನು ಮತ್ತು ವಾಪಸ್ ಹೋದ ಪಂಚಮಿ ಉಂಡಿ

ಸಿರುಗುಪ್ಪದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಗಣಿತ ಹೇಳಿದವನಿಗೆ ಒಂದು ಪ್ರೋಟೀನು ಯಾವ ಲೆಕ್ಕ ಎಂದುಕೊಂಡೆ. ಎಡವಿದ್ದು ಅಲ್ಲೇ!

ನನ್ನ ಹೆಂಡತಿ ಶಾಂತಾಗೆ ಅರೆತಲೆನೋವು. ಬಳ್ಳಾರಿಯ ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ನರಕೋಶದ ಹೊರಮೈಯಲ್ಲಿ ಗ್ರಾಹಕಗಳೆಂಬ ಬಾಗಿಲುಗಳಿರುತ್ತವಂತೆ. ರ‍್ಯಾಂಪ್ ಎಂಬ ಪ್ರೋಟೀನು ಪಕ್ಕದಲ್ಲೇ ಕೂತು, ಬಾಗಿಲು ಯಾರಿಗೆ ತೆರೆಯಬೇಕೆಂಬುದನ್ನೇ ಬದಲಾಯಿಸುತ್ತದಂತೆ. ನೋವಿನ ಸಂದೇಶ ಒಳಗೆ ನುಗ್ಗುವುದು ಆ ದಾರಿಯಲ್ಲೇ. ಶಾಂತಾ ಮಾತ್ರೆಯ ಹೊತ್ತು ಕೇಳಿಕೊಂಡಳು. ನಾನು ಅಪರಾಧಿಯ ಹೆಸರು ಬರೆದುಕೊಂಡೆ. ಪ್ರೋಟೀನು!

ಮರುದಿನವೇ ನಮ್ಮ ಮನೆಯಲ್ಲಿ ಪ್ರೋಟೀನ್ ನಿಷೇಧಾಜ್ಞೆ ಜಾರಿಗೆ ಬಂತು. ಬೇಳೆ ಬಂದ್, ಮೊಸರು ಬಂದ್, ಶೇಂಗಾ ಚಟ್ನಿಪುಡಿ ಅಟ್ಟಕ್ಕೆ. ರೊಟ್ಟಿಗೆ ಉಪ್ಪಿನಕಾಯಿಯೊಂದೇ ಗತಿಯಾಗಿ ಶಾಂತಾ ಅರ್ಧ ರೊಟ್ಟಿಗೇ ಏಳತೊಡಗಿದಳು. ಅಪರೂಪಕ್ಕೆ ಬರುತ್ತಿದ್ದ ನೋವು ದಿನಾ ಬಂತು. ತಲೆಯಲ್ಲಿ ಗಡ್ಡೆಗಿಡ್ಡೆ ಇದೆಯೇನೋ ಎಂದು ಇಬ್ಬರಿಗೂ ಒಳಗೊಳಗೇ ಹೆದರಿಕೆ.

ಅಷ್ಟರಲ್ಲಿ ನಾಗರಪಂಚಮಿ. ಕುರುಗೋಡಿನ ತವರಿನಿಂದ ಕಂಡಕ್ಟರನ ಕೈಯಲ್ಲಿ ಡಬ್ಬಿ ತುಂಬ ಶೇಂಗಾ ಉಂಡಿ ಬಂತು. ಬಸ್‌ಸ್ಟ್ಯಾಂಡಿಗೆ ಹೋಗಿದ್ದ ನಾನು ಮುಚ್ಚಳವನ್ನೂ ತೆಗೆಯದೆ ಅದೇ ಬಸ್ಸಿನಲ್ಲಿ ಹಿಂದಕ್ಕೆ ಕಳಿಸಿದೆ. ಪಂಚಮಿ ಉಂಡಿ ವಾಪಸ್ ಹೋದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ: ನಿಮ್ಮ ಸಂಬಂಧ ಸಾಕು! ನನ್ನ ಗಣಿತಕ್ಕೆ ಇದು ಹೊಳೆಯಲೇ ಇಲ್ಲ.

ಮರುದಿನ ಮೊದಲ ಬಸ್ಸಿಗೇ ಅತ್ತೆ ಮಾವ ಬಂದಿಳಿದರು. ಕೊಟ್ಟ ನೀರನ್ನೂ ಮಾವ ಮುಟ್ಟಲಿಲ್ಲ.

"ನಮ್ಮಿಂದ ಏನ್ ತಪ್ಪಾಗೇತಿ ಹೇಳ್ರಿ. ಇಲ್ಲಾಂದ್ರ ಮಗಳನ್ನ ಕರ್ಕೊಂಡು ಹೊಕ್ಕೀವಿ" ಎಂದರು.

ನಾನು ಜೀವಕೋಶದ ಬಾಗಿಲಿನಿಂದ ಶುರುಮಾಡಿದೆ. ಅತ್ತೆ ಅರ್ಧಕ್ಕೇ ಅಳತೊಡಗಿದರು. ಶಾಂತಾ ತಲೆ ಹಿಡಿದುಕೊಂಡೇ ಎದ್ದು ಬಂದಳು.

"ಮೊದಲು ಡಾಕ್ಟರ್ ಹತ್ರ ನಡೀರಿ. ಜಗಳ ಆಮ್ಯಾಲೆ ಮಾಡೂಣು."

ಬಳ್ಳಾರಿಯಲ್ಲಿ ಸ್ಕ್ಯಾನ್ ಆಯಿತು. ಗಡ್ಡೆ ಇಲ್ಲ, ಏನೂ ಇಲ್ಲ! ಹೋದ ಜೀವ ಬಂದಂತಾಗಿ ನನ್ನ ಕಣ್ಣು ತುಂಬಿತು. ಮಾವ ಸಿಟ್ಟು ಮರೆತು ನನ್ನ ಕೈ ಹಿಡಿದುಕೊಂಡರು. ಆ ಹುರುಪಿನಲ್ಲಿ ನಾನು ನಿಷೇಧಾಜ್ಞೆಯ ಸಂಗತಿಯನ್ನೂ ಡಾಕ್ಟರಿಗೆ ಹೇಳಿಬಿಟ್ಟೆ, ಮನೆಯವರೆಲ್ಲ ಸೇರಿ ಮಾಡಿದ ತೀರ್ಮಾನ ಎಂಬ ಧಾಟಿಯಲ್ಲಿ. ಅವರು ಕನ್ನಡಕ ತೆಗೆದಿಟ್ಟರು. ರ‍್ಯಾಂಪನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ, ಬೇಳೆ ಬಿಟ್ಟರೆ ಅದು ಹೋಗುವುದಿಲ್ಲ, ಶೇಂಗಾ ತಿಂದರೆ ಹೆಚ್ಚುವುದೂ ಇಲ್ಲ ಎಂದರು.

"ಹೊಟ್ಟಿ ಹಸಿದ್ರನ ಈ ನೋವು ಜಾಸ್ತಿ. ಇವರ ಊಟ ಬಿಡಿಸಿದ ಪಂಡಿತರು ಯಾರ್ರೀ?"

ಮೂವರೂ ನನ್ನತ್ತ ತಿರುಗಿದರು. ನಾನೂ ತಿರುಗಿ ನನ್ನ ಹಿಂದೆ ನೋಡಿದೆ. ಗೋಡೆ ಬಿಟ್ಟರೆ ಯಾರೂ ಇರಲಿಲ್ಲ!