ನನ್ನ ಮಂಚದ ಕೆಳಗಿನ ರೈಲು ಮಾರ್ಗವನ್ನು ರದ್ದುಪಡಿಸುವ ಕುರಿತು

ಇವರಿಗೆ,
ಮಹಾಪ್ರಬಂಧಕರು,
ಗೃಹ ರೈಲ್ವೆ,
ಓದುವ ಕೋಣೆ (ಸದ್ಯ ಓದಲು ಜಾಗವಿಲ್ಲ).

ಮಾನ್ಯರೇ,

ಊರಿನ ಹಲ್ಲುಗಳಿಗೆಲ್ಲ ವೈದ್ಯರೂ, ಈ ಮನೆಯ ರೈಲ್ವೆಗೆ ಸ್ಥಾಪಕರೂ, ಎಂಜಿನಿಯರೂ, ಚಾಲಕರೂ, ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ಬಾಯಲ್ಲೇ ಸೀಟಿ ಊದುವ ಗಾರ್ಡೂ ಆಗಿರುವ ಅಳಿಯಂದಿರಿಗೆ, ತಮ್ಮ ಹೆಂಡತಿಯನ್ನು ಹೆತ್ತವಳೂ ಪಕ್ಕದ ಕೋಣೆಯ ಮಂಚದ ಮೇಲಿನ ಖಾಯಂ ನಿವಾಸಿಯೂ ಆದ ನಾನು ಕೈಜೋಡಿಸಿ ಮಾಡುವ ಅರಿಕೆ. ತಮ್ಮ ಹಳಿಗಳು ತುಕ್ಕು ಕಾಣದಿರಲಿ, ತಮ್ಮ ಸಿಗ್ನಲ್ಲುಗಳು ಹಸಿರಾಗಿರಲಿ, ತಮ್ಮ ಬೋಗಿಗಳು ತಿರುವಿನಲ್ಲಿ ಮಗುಚದಿರಲಿ. ಒಂದೇ ಸೂರಿನ ಕೆಳಗೆ ಇದ್ದುಕೊಂಡು ಪತ್ರವೇಕೆ, ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಬಹಿರಂಗ ಮಾಡುವುದೇಕೆ ಎಂದು ತಾವು ಕೇಳಬಹುದು. ಈ ಮನೆಯಲ್ಲಿ ಎಲ್ಲರೂ ದಿನಕ್ಕೊಮ್ಮೆಯಾದರೂ ನಿಂತು ನೋಡುವ ಬಾಗಿಲು ಅದೊಂದೇ.

ವಿಷಯಕ್ಕೆ ಬರುತ್ತೇನೆ. ಕಳೆದ ಭಾನುವಾರ ಊಟದ ಮೇಜಿನಲ್ಲಿ, ಸಾಮಾನ್ಯವಾಗಿ ಉಪ್ಪು ಕೇಳಲು ಮಾತ್ರ ಬಾಯಿ ತೆರೆಯುವ ತಾವು, ಚಮಚ ಕೆಳಗಿಟ್ಟು ವಿಸ್ತರಣೆಯ ಎರಡನೇ ಹಂತವನ್ನು ಘೋಷಿಸಿದಿರಿ. ಮಾರ್ಗವು ಇನ್ನು ನನ್ನ ಕೋಣೆಗೆ ಬಾರದೆ ಹಜಾರದ ಸೋಫಾದ ಕೆಳಗಿನಿಂದ ಬಾಲ್ಕನಿಯವರೆಗೆ ಹೋಗಿ ಹಿಂತಿರುಗುವುದು, ನನ್ನ ಗೋಡೆಯ ತೂತನ್ನು ಮುಚ್ಚಲಾಗುವುದು ಎಂದಿರಿ. ರದ್ದು ಎಂಬ ಒರಟು ಮಾತನ್ನು ತಾವು ಆಡಲಿಲ್ಲ, ಮಾರ್ಗ ಬದಲಾವಣೆ ಎಂದಿರಿ. ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗೆ. ನನ್ನ ದೂರು ಇದರ ಬಗ್ಗೆಯೇ. ರೈಲು ಬಂದದ್ದಕ್ಕಲ್ಲ, ಹೋಗುತ್ತಿರುವುದಕ್ಕೆ. ಆದರೆ ಬಂದದ್ದರ ಬಗ್ಗೆಯೂ ಹೊಟ್ಟೆಯಲ್ಲಿ ಒಂದಿಷ್ಟು ಉಳಿದುಕೊಂಡಿದೆ, ಅದನ್ನು ಮೊದಲು ಹೊರಗೆ ಹಾಕಿಬಿಡುತ್ತೇನೆ.

ತಮ್ಮ ರೈಲ್ವೆ ಊಟದ ಮೇಜಿನ ಮೇಲೆ ತಟ್ಟೆಯಷ್ಟಗಲದ ಒಂದು ಸುತ್ತಾಗಿ ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡವಳು. ಆಗಿನ ಎಂಜಿನ್ನು ಹಳೇ ಕಾಲದ ಹೊಗೆಬಂಡಿ, ಮೋಟುದ್ದ, ಎಲ್ಲಿ ಬೇಕಾದರೂ ಗಿರಕಿ ಹೊಡೆಯುತ್ತಿತ್ತು, ಯಾರಿಗೂ ಭಾರವಾಗಿರಲಿಲ್ಲ. ಆಮೇಲೆ ತಮಗೆ ಈ ಕಾಲದ ಗೀಳು ಹಿಡಿಯಿತು. ವಿದ್ಯುತ್ ಎಂಜಿನ್ನು ಬಂತು, ಉದ್ದುದ್ದ ಹವಾನಿಯಂತ್ರಿತ ಬೋಗಿಗಳು ಬಂದವು, ಬಣ್ಣಬಣ್ಣದ ಕಂಟೇನರುಗಳನ್ನು ಹೊತ್ತ ಗೂಡ್ಸು ಬಂತು, ಮಿನುಗುವ ಅಕ್ಷರದ ಫಲಕಗಳು ಬಂದವು. ದಿನವಿಡೀ ಇನ್ನೊಬ್ಬರ ಬಾಯೊಳಗೆ ಬಾಗಿ ನಿಲ್ಲುವ ತಮಗೆ ಹೊಟ್ಟೆಯ ಮೇಲೆ ಮಲಗಿ ರೈಲು ನೋಡುವುದೇ ವಿಶ್ರಾಂತಿಯಾದ್ದರಿಂದ, ಓದುವ ಕೋಣೆಯ ನೆಲದಿಂದ ಒಂದು ಗೇಣು ಎತ್ತರದಲ್ಲಿ ಹಲಗೆ ಹಾಸಿ ಹಳಿ ಹೂಡಿದಿರಿ. ಉದ್ದ ಬೋಗಿಗೆ ವಿಶಾಲವಾದ ತಿರುವು ಬೇಕು, ಇಕ್ಕಟ್ಟಾದರೆ ಪಕ್ಕಕ್ಕೆ ವಾಲಿ ಬೀಳುತ್ತದೆ ಎಂಬುದು ತಮಗೆ ಎಲ್ಲವನ್ನೂ ಕೊಂಡ ಮೇಲೆ ತಿಳಿಯಿತು. ಓದುವ ಕೋಣೆಯಲ್ಲಿ ತಿರುಗಲಾರದ ಎಕ್ಸ್‌ಪ್ರೆಸ್ಸು ಎಲ್ಲಿ ತಿರುಗಬೇಕು? ಪಕ್ಕದ ಕೋಣೆಯಲ್ಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳುತ್ತಾರೆ. ತಾವು ಇನ್ನೊಬ್ಬರ ಹಾಸಿಗೆಯ ಕೆಳಗೂ ಚಾಚಿದಿರಿ.

ಗೋಡೆ ಕೊರೆದ ದಿನ ತಾವು ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು ಧರಿಸಿ ನನ್ನ ಬಾಗಿಲಲ್ಲಿ ನಿಂತು, ಅಭ್ಯಾಸಬಲದಿಂದ, ಸ್ವಲ್ಪವೂ ನೋವಾಗುವುದಿಲ್ಲ ಎಂದು ಭರವಸೆ ಕೊಟ್ಟಿರಿ. ಗೋಡೆಗೆ ನೋವಾಯಿತೋ ಇಲ್ಲವೋ, ನನ್ನ ಕಿವಿಗಂತೂ ಆಯಿತು. ಆ ತೂತಿನ ಸುತ್ತ ಹಲ್ಲಿನ ಅಚ್ಚು ತೆಗೆಯುವ ಪ್ಲಾಸ್ಟರಿನಿಂದಲೇ ಬೆಟ್ಟ ಕಟ್ಟಿದಿರಿ. ಅದು ದವಡೆಹಲ್ಲಿನ ಆಕಾರಕ್ಕೆ ಬಂದದ್ದು ಕೈಗುಣವೇ ಹೊರತು ತಪ್ಪಲ್ಲ. ನನ್ನ ಸ್ನಾನದ ಪೀರೆನಾರು ಕಾಡಾಯಿತು, ಬಸಿದ ಟೀಪುಡಿ ಒಣಗಿ ಹೊಲವಾಯಿತು, ಜಲ್ಲಿಕಲ್ಲಿಗೆ ಅಂಟು ಬಿಡಲು ನನ್ನ ಕಣ್ಣಿನ ಔಷಧಿಯ ಖಾಲಿ ಬಾಟಲಿ ಹೋಯಿತು, ಅದು ಖಾಲಿಯಾಗುವವರೆಗೂ ತಾವು ಕಾದದ್ದನ್ನು ನಾನು ಇಂದಿಗೂ ನೆನೆಯುತ್ತೇನೆ. ಹೊಸ ಗೂಡ್ಸು ಡಬ್ಬಿಯನ್ನು ಪೆಟ್ಟಿಗೆಯಿಂದ ತೆಗೆದು, ಫಳಫಳ ಹೊಳೆಯುವುದು ಸಹಜವಲ್ಲ ಎಂದು, ಸಣ್ಣ ಕುಂಚದಿಂದ ಇಡೀ ಮಧ್ಯಾಹ್ನ ಅದಕ್ಕೆ ಕೊಳೆ ಬಳಿಯುತ್ತೀರಿ. ಅದೇ ಕೋಣೆಯ ಫ್ಯಾನಿನ ರೆಕ್ಕೆಯ ಮೇಲೆ ಯಾರೂ ಬಳಿಯದೆ ತಾನಾಗಿ ಕೂತ ಅಪ್ಪಟ ಕೊಳೆ ಇದೆ ಎಂದು ನನ್ನ ಮಗಳು ಹೇಳಿದರೆ, ತಾವು ಕತ್ತೆತ್ತಿ, ಅಳತೆ ಹೊಂದುವುದಿಲ್ಲ ಎಂದಿರಿ. ಇದನ್ನೆಲ್ಲ ಆಟಿಕೆ ಎಂದು ಬಾಯಿತಪ್ಪಿ ಕರೆದ ನೀರಿನ ಕ್ಯಾನಿನವನಿಗೆ, ಆಟಿಕೆಗೂ ಮಾದರಿಗೂ ಇರುವ ವ್ಯತ್ಯಾಸವನ್ನು ಕ್ಯಾನು ಹೆಗಲಲ್ಲಿರುವಂತೆಯೇ ವಿವರಿಸಿದ್ದೂ ಉಂಟು.

ಇನ್ನು ನನ್ನ ಮಂಚ. ಎಂಜಿನ್ನಿನ ನೆತ್ತಿಯ ಮೇಲಿನ ಮಡಚುವ ತೋಳಿಗೂ ಅದಕ್ಕೆ ತಾಗುವ ತಂತಿಗೂ ಜಾಗ ಸಾಲದೆಂದು ಮಂಚದ ನಾಲ್ಕು ಕಾಲಿಗೂ ಮರದ ದಿಮ್ಮಿ ಕೊಟ್ಟು ಎತ್ತರಿಸಿದಿರಿ. ಅಂದಿನಿಂದ ಮಂಚದ ಅಂಚಿನಲ್ಲಿ ಕೂತರೆ ನನ್ನ ಪಾದ ನೆಲ ಮುಟ್ಟುವುದಿಲ್ಲ, ಶಾಲೆಯ ಬೆಂಚಿನ ಮೇಲೆ ಕೂತ ಹುಡುಗಿಯಂತೆ ಕಾಲು ಆಡಿಸುತ್ತೇನೆ. ಈ ವಯಸ್ಸಿಗೆ ಇಂಥ ಸೌಭಾಗ್ಯ ಯಾವ ಅತ್ತೆಗೆ ಒದಗಿತು? ಒಮ್ಮೆ ಮಾತ್ರ, ತಂತಿ ಅಷ್ಟು ಬಿಗಿಯಾಗಿ ಅಷ್ಟು ಚೆನ್ನಾಗಿ ಎಳೆದಿರುವುದನ್ನು ಕಂಡು, ಕರವಸ್ತ್ರ ಒಣಹಾಕಿದೆ. ಗಂಟೆಗೊಮ್ಮೆ ಓಡುವ ಎಕ್ಸ್‌ಪ್ರೆಸ್ಸು ಅದನ್ನು ಮದುಮಗಳ ಸೆರಗಿನಂತೆ ಹೊದ್ದು ಓದುವ ಕೋಣೆಗೆ ಬಂದಾಗ ತಾವು ಕರವಸ್ತ್ರವನ್ನು ಮಡಚಿ ತಂದುಕೊಟ್ಟಿರಿ, ಇಸ್ತ್ರಿ ಮಾಡಿ.

ಇಷ್ಟೆಲ್ಲ ತೊಂದರೆ ಕೊಟ್ಟ ರೈಲು ಹೋದರೆ ಪೀಡೆ ಹೋಯಿತು ಎಂದು ನಾನು ಕುಣಿಯಬೇಕಿತ್ತು. ಭಾನುವಾರ ತಾವೂ ಹಾಗೇ ತಿಳಿದಿರಿ. “ಅತ್ತೆಗೆ ಪಾಪ ನೆಮ್ಮದೀನೇ ಇಲ್ಲದ ಹಾಗಾಯ್ತು, ಇನ್ಮೇಲೆ ಆ ಕೋಣೆಗೆ ಯಾರೂ ಬಂದು ತೊಂದರೆ ಕೊಡಲ್ಲ,” ಎಂದಿರಿ. ನನ್ನ ಮಗಳು ಸಮಾಧಾನದಿಂದ ತಲೆಯಾಡಿಸಿದಳು. ಯಾರೂ ಬಂದು ತೊಂದರೆ ಕೊಡದ ಕೋಣೆಯನ್ನು ಇಟ್ಟುಕೊಂಡು ನಾನೇನು ಮಾಡಲಿ, ಮಾನ್ಯರೇ?

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಮನೆಯಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಹೊಲಿಗೆ ಯಂತ್ರ ಇದೆ, ರವಿಕೆ ಸಡಿಲ ಮಾಡಿಸಲು ಬರುವ ಮೇಲಿನ ಮಹಡಿಯವರು ಇದ್ದಾರೆ, ಬಿಸಿಬಿಸಿ ಕಾಫಿ ಹೊತ್ತಿಗೆ ಸರಿಯಾಗಿ ಬರುತ್ತದೆ. ಆದರೆ ಕಾಫಿ ತಂದವರು ಬಾಗಿಲಿನಿಂದಲೇ ಕೈ ಚಾಚಿ ಲೋಟ ಕೊಟ್ಟು ಹೋಗುತ್ತಾರೆ. ನನ್ನ ಮಗಳು ನಿಲ್ಲದ ಗಾಡಿ, ಅದು ಹುಟ್ಟುಗುಣ, ಬಿಡಿ. ತಾವೋ, ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಂತೆ, ಇಷ್ಟು ವರ್ಷಗಳಲ್ಲಿ ನನ್ನೊಡನೆ ಆಡಿದ್ದು ಎರಡೇ ಮಾತು: ಬೆಳಿಗ್ಗೆ ತಿಂಡಿ ಆಯ್ತಾ, ರಾತ್ರಿ ಊಟ ಆಯ್ತಾ. ಅಂಥವರು, ನನ್ನ ಕೋಣೆಯ ಹಳಿಯಲ್ಲಿ ದೋಷ ಕಾಣಿಸಿಕೊಳ್ಳತೊಡಗಿದ ಮೇಲೆ ಬೇರೆ ಮನುಷ್ಯರೇ ಆದಿರಿ. ಓದುವ ಕೋಣೆಯ ನಿಯಂತ್ರಣ ಪೆಟ್ಟಿಗೆಯಲ್ಲಿ ‘ಅತ್ತೆ ವಿಭಾಗ’ ಎಂದು ಬರೆದ ಕಡೆ ಕೆಂಪು ದೀಪ ಹತ್ತುತ್ತದೆ, ಗಾಡಿಗಳು ಇದ್ದಲ್ಲೇ ನಿಲ್ಲುತ್ತವೆ, ತಾವು ಹಣೆಗೆ ದೀಪ ಕಟ್ಟಿಕೊಂಡು, ಹಲ್ಲು ನೋಡುವ ಪುಟ್ಟ ಕನ್ನಡಿ ಹಿಡಿದು ಓಡಿಬರುತ್ತೀರಿ. “ಅತ್ತೆ, ಒಂದ್ನಿಮಿಷ ಕಾಲು ಮೇಲೆತ್ಕೊಳ್ಳಿ,” ಎಂದು ಮಂಚದ ಕೆಳಗೆ ನುಸುಳುತ್ತೀರಿ.

ಅಲ್ಲಿಗೆ ಹೋದ ಮೇಲೆ ತಾವು ಮಾತಾಡುತ್ತೀರಿ. ಮುಖ ಕಾಣದಿದ್ದರೆ ತಮ್ಮ ನಾಲಿಗೆ ಸಡಿಲವಾಗುತ್ತದೆ ಎಂಬುದನ್ನು ಈ ಮನೆಯಲ್ಲಿ ಮೊದಲು ಕಂಡುಹಿಡಿದವಳು ನಾನು. ಹಳಿಯನ್ನು ಒಂದೊಂದೇ ಅಂಗುಲ ತಟ್ಟಿ ನೋಡುತ್ತ, ಯಾವ ಮಗು ತಮ್ಮ ಬೆರಳು ಕಚ್ಚಿತು, ಯಾವ ಪೈಲ್ವಾನ ಸೂಜಿ ಕಂಡು ಕುರ್ಚಿಯಿಂದ ಇಳಿದು ಪರಾರಿಯಾದ, ಚಿಕ್ಕಂದಿನಲ್ಲಿ ಸೇತುವೆಯ ಮೇಲೆ ನಿಂತು ಗಾಡಿಗಳಿಗೆ ಕೈ ಬೀಸಿದಾಗ ಯಾರಾದರೂ ತಿರುಗಿ ಬೀಸಿದರೆ ವಾರವೆಲ್ಲ ಹೇಗಿರುತ್ತಿತ್ತು, ಎಲ್ಲ ಹೇಳಿದಿರಿ. ನಾನೂ ಮಂಚದ ಮೇಲಿನಿಂದ ಹೇಳಿದೆ, ತಮ್ಮ ಮಾವನವರ ಬಗ್ಗೆ, ಅವರು ನನ್ನೊಡನೆ ಜಗಳವಾಡಿದಾಗಲೆಲ್ಲ ಯಂತ್ರದ ಸೂಜಿಗೆ ದಾರ ಪೋಣಿಸಿಟ್ಟು ರಾಜಿಯಾಗುತ್ತಿದ್ದ ಬಗ್ಗೆ. ಅದನ್ನು ನಾನು ಮಗಳಿಗೂ ಹೇಳಿರಲಿಲ್ಲ. ಕೆಳಗಿನಿಂದ ತಾವು ಮೂಗು ಏರಿಸಿದ ಸದ್ದು ಕೇಳಿತು, ಧೂಳು ಎಂದಿರಿ. ಊರಿನವರ ಭಯವನ್ನೆಲ್ಲ ಬಿಡಿಸುವ ತಮಗೂ ಒಂದು ಭಯವಿದೆ ಎಂಬುದನ್ನೂ ಹೇಳಿದಿರಿ. ತಮ್ಮ ಹೆಂಡತಿಗೂ ಗೊತ್ತಿಲ್ಲದ ಆ ಗುಟ್ಟನ್ನು ಫ್ರಿಜ್ಜಿಗೆ ಅಂಟಿಸುವ ಪತ್ರದಲ್ಲಿ ಬರೆಯುವಷ್ಟು ಕೆಟ್ಟವಳು ನಾನಲ್ಲ. ಮಂಚದ ಕೆಳಗೆ ಆಡಿದ್ದು ಮಂಚದ ಕೆಳಗೇ ಇರುತ್ತದೆ.

ಆದ್ದರಿಂದ ಮಾನ್ಯರೇ, ತೂತು ಮುಚ್ಚಬಾರದು, ಮಾರ್ಗ ಬದಲಿಸಬಾರದು. ಅದು ಮೊದಲನೆಯದು. ಹೇಗೂ ಅರ್ಜಿ ಬರೆದದ್ದಾಯಿತು, ಜೊತೆಗೆ ಇನ್ನೂ ಕೆಲವು ಸಣ್ಣಪುಟ್ಟ ಬೇಡಿಕೆಗಳನ್ನು ಸೇರಿಸಿಬಿಡುತ್ತೇನೆ. ನನ್ನ ಮಂಚದ ಕೆಳಗೆ ಒಂದು ನಿಲ್ದಾಣ ಬೇಕು. ಅಲ್ಲಿ ಎಲ್ಲ ಗಾಡಿಗಳೂ ನಿಲ್ಲಬೇಕು, ಎಕ್ಸ್‌ಪ್ರೆಸ್ಸು ಎಲ್ಲಕ್ಕಿಂತ ಹೆಚ್ಚು ಹೊತ್ತು. ಎಲ್ಲವೂ ತಡವಾಗಿ ಬರಬೇಕು, ಏಕೆಂದರೆ ಸಮಯಕ್ಕೆ ಬಂದ ಗಾಡಿಯನ್ನು ಯಾರೂ ಕಾಯುವುದಿಲ್ಲ. ತಡವಾದುದಕ್ಕೆ ವಿಷಾದಿಸುವ ಪ್ರಕಟಣೆ ನನ್ನ ದನಿಯಲ್ಲೇ ಇರಬೇಕು, ನಾನು ಚೂರೂ ವಿಷಾದವಿಲ್ಲದ ದನಿಯಲ್ಲಿ ಹೇಳಿಕೊಡುತ್ತೇನೆ. ತಮ್ಮ ದೊಡ್ಡ ನಿಲ್ದಾಣದಲ್ಲಿ ನೀಲಿ ಅಂಗಿ ತೊಟ್ಟು, ಸೂಟ್‌ಕೇಸು ಹಿಡಿದು, ಗಾಡಿ ಬರುವ ದಿಕ್ಕಿಗೆ ಬೆನ್ನು ಮಾಡಿ ಅಂಟಿಸಲ್ಪಟ್ಟಿರುವ ಆ ಬೆರಳುಗುರಿನಷ್ಟು ಮನುಷ್ಯನನ್ನು ಇಲ್ಲಿಗೆ ವರ್ಗ ಮಾಡಬೇಕು. ಇಲ್ಲಿ ಅವನಿಗೆ ಎರಡೂ ದಿಕ್ಕು ಒಂದೇ. ಖಾಲಿ ಓಡುವ ಕಂಟೇನರುಗಳಲ್ಲಿ ಗುಂಡಿ, ದಾರದುಂಡೆ, ಒಂದೊಂದು ಬಿಸ್ಕತ್ತು ಬರಬೇಕು. ನೆಲದಿಂದ ಮಂಚಕ್ಕೆ ಏರಲು ಎಸ್ಕಲೇಟರ್ ಬೇಕು. ಕೊನೆಯದಾಗಿ, ನನ್ನನ್ನೂ ತಮ್ಮ ಗಾಡಿಗಳ ಅಳತೆಗೆ, ಅಂದರೆ ಎಂಬತ್ತೇಳನೇ ಒಂದು ಭಾಗಕ್ಕೆ, ಕುಗ್ಗಿಸುವ ಏರ್ಪಾಡು ಮಾಡಿ, ಹಿರಿಯರ ರಿಯಾಯಿತಿಯಲ್ಲಿ, ಕಿಟಕಿಯ ಪಕ್ಕದ ಸೀಟು ಕೊಡಬೇಕು. ದವಡೆಹಲ್ಲಿನ ಬೆಟ್ಟ ಹೊಕ್ಕು, ಟೀಪುಡಿಯ ಹೊಲ ದಾಟಿ, ಪೀರೆನಾರಿನ ಕಾಡಿನ ನಡುವೆ ಹೋಗುವಾಗ ಹಲಗೆಯ ಆಚೆ ಗಲ್ಲ ಊರಿ ಮಲಗಿರುವ ಒಂದು ಬೃಹದಾಕಾರದ ಮುಖಕ್ಕೆ ನಾನು ಕಿಟಕಿಯಿಂದ ಕೈ ಬೀಸುತ್ತೇನೆ. ತಾವು ತಿರುಗಿ ಬೀಸಿದರೆ ಸಾಕು.

ಇದಾವುದೂ ಸಾಧ್ಯವಿಲ್ಲದಿದ್ದರೆ, ಮೊದಲನೆಯದೊಂದನ್ನಾದರೂ ನಡೆಸಿಕೊಡಬೇಕೆಂದು ಕೋರುತ್ತ,

ಕೆಳಗೆ ಗಾಡಿ ಹೋದಾಗಲೆಲ್ಲ ಮಂಚದ ಮೇಲೆ ಸಣ್ಣಗೆ ನಡುಗುವ,
ತಮ್ಮ ವಿಶ್ವಾಸಿ,
ಅತ್ತೆ (ವಿಭಾಗ)

ಮರೆತ ಮಾತು: ತಾವು ಕನ್ನಡಿ ಹಿಡಿದು ಎಷ್ಟು ಹುಡುಕಿದರೂ ಸಿಗದ ಆ ದೋಷ ಒಂದು ಗುಂಡುಪಿನ್ನು. ಅದನ್ನು ಎರಡು ಹಳಿಗೂ ತಾಗುವಂತೆ ಅಡ್ಡ ಇಳಿಸಿದರೆ ಕೆಂಪು ದೀಪ ಹತ್ತುತ್ತದೆ, ತಮ್ಮ ಹೆಜ್ಜೆ ಕೇಳಿದ ಕೂಡಲೇ ಮೇಲೆಳೆದರೆ ಏನೂ ಉಳಿಯುವುದಿಲ್ಲ. ಅದರಿಂದಲೇ ಮಾರ್ಗ ರದ್ದಾಗುವ ಹೊತ್ತು ಬಂದು, ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಂತಾಯಿತು ಎಂಬುದಷ್ಟೇ ನನ್ನ ಪಶ್ಚಾತ್ತಾಪ, ಉಳಿದದ್ದಕ್ಕೆ ಏನೂ ಇಲ್ಲ. ಪಿನ್ನಿಗೆ ಕಟ್ಟಿದ ಕಪ್ಪು ದಾರದ ಇನ್ನೊಂದು ತುದಿ ಈಗಲೂ ನನ್ನ ಬೆರಳಿನಲ್ಲಿದೆ. ತಾವು ಫ್ರಿಜ್ಜಿನ ಮುಂದೆ ನಿಂತು ಇದನ್ನು ಓದುತ್ತಿರುವಾಗಲೇ ಗಾಡಿಗಳ ಸದ್ದು ನಿಂತರೆ, ದೀಪ, ಕನ್ನಡಿ ಯಾವುದೂ ಬೇಡ. ಎರಡು ಲೋಟ ಕಾಫಿ ತನ್ನಿ, ಈ ಸಲ ಮಂಚದ ಮೇಲೆ ಕೂರಿ. ತಮ್ಮ ಲೋಟದ್ದನ್ನು ಮಾತ್ರ ಚೆನ್ನಾಗಿ ಆರಿಸಿಕೊಳ್ಳಿ. ಎಡಗಡೆ ಕೆಳಸಾಲಿನ ಕೊನೆಯ ಹಲ್ಲಿಗೆ ಬಿಸಿ ತಾಗಿದರೆ ತಡೆಯಲಾಗುವುದಿಲ್ಲ, ಇನ್ನೊಬ್ಬ ದಂತವೈದ್ಯರ ಕುರ್ಚಿಯಲ್ಲಿ ಕೂರಲು ಪ್ರಾಣಭಯ ಎಂದು ತಾವೇ ಹೇಳಿದ್ದಿರಲ್ಲ.