ಶೆಡ್ಡಿನೊಳಗೆ ಲಾರಿ, ಲಾರಿಯೊಳಗೆ ಗಂಡ

ನಾನು ಭೌತಶಾಸ್ತ್ರದಲ್ಲಿ ಪದವೀಧರೆ. ವೋಲ್ಟು, ಆಂಪಿಯರು, ವ್ಯಾಟುಗಳ ಪರಸ್ಪರ ಸಂಬಂಧವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಹೀಗಾಗಿ ನಮ್ಮವರು ಕರೆಂಟಿನಲ್ಲಿ ಓಡುವ ಲಾರಿಯೊಂದನ್ನು ಮನೆಗೆ ತಂದಾಗ, ಅದನ್ನು ಶೆಡ್ಡಿನೊಳಗೆ ಸೇರಿಸಿ ಚಾರ್ಜಿಗೆ ಹಾಕುವ ಸಂಪೂರ್ಣ ಹೊಣೆಯನ್ನು ನಾನೇ ಹೊತ್ತುಕೊಂಡೆ. ಯಾರೂ ಹೊರಿಸಿರಲಿಲ್ಲ.

ನಮ್ಮದು ಮಲ್ಲಂದೂರಿನ ಹತ್ತಿರ ಒಂದು ಸಣ್ಣ ಕಾಫಿ ತೋಟ. ನಮ್ಮವರು, ಅಂದರೆ ನನ್ನ ಗಂಡ ಪ್ರಕಾಶ, ನಮ್ಮ ಮೂಟೆಗಳ ಜೊತೆಗೆ ಅಕ್ಕಪಕ್ಕದ ತೋಟದವರ ಮೂಟೆಗಳನ್ನೂ ಕಾಫಿ ಸಂಸ್ಕರಿಸುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಸಾಗಿಸುವ ಯೋಚನೆಯಿಂದ ಆ ಲಾರಿ ಕೊಂಡಿದ್ದರು. ಬೆಳ್ಳಗೆ, ಉದ್ದಕ್ಕೆ, ಮದುವೆ ಮನೆಯ ಬೀಗರಂತೆ ಗಂಭೀರವಾಗಿತ್ತು. ಓಡುವಾಗ ನಮ್ಮ ಫ್ರಿಜ್ಜಿನಷ್ಟೂ ಸದ್ದು ಮಾಡುತ್ತಿರಲಿಲ್ಲ. ಮನೆಯಲ್ಲಿ ಸರಿಯಾದ ಚಾರ್ಜರ್ ಕೂರಿಸಲು ಕಂಪನಿಯವರು ಮುಂದಿನ ವಾರ ಬರುತ್ತೇವೆ ಅಂದಿದ್ದರು. ಅಲ್ಲಿಯವರೆಗೆ ಲಾರಿಯ ಜೊತೆಗೇ ಬಂದಿದ್ದ ಸಣ್ಣ ಚಾರ್ಜರನ್ನು ದಪ್ಪ ಪ್ಲಗ್ಗಿಗೆ ಹಾಕಿ, ನಿಧಾನಕ್ಕೆ ತುಂಬುತ್ತದೆ, ಆದರೆ ನಡುವೆ ಬೇರೆ ಕೇಬಲ್ ಸೇರಿಸಬೇಡಿ ಎಂದೂ ಹೇಳಿದ್ದರು. ಈ ಕೊನೆಯ ಮಾತು ವಿಜ್ಞಾನ ಓದದವರಿಗೆ ಹೇಳಿದ್ದು ಎಂದು ನಾನು ಅರ್ಥ ಮಾಡಿಕೊಂಡೆ.

ಲಾರಿಯನ್ನು ಹೊರಗೇ ನಿಲ್ಲಿಸಬಹುದಿತ್ತು. ಆದರೆ ಕಣದ ತುಂಬ ಕಾಫಿ ಒಣಗಲು ಹರಡಿತ್ತು. ಮನೆಯ ಮುಂದೆ ನಿಲ್ಲಿಸೋಣವೆಂದರೆ ಹಿಂದಿನ ತಿಂಗಳಷ್ಟೇ ಪಕ್ಕದ ತೋಟದಲ್ಲಿ ಆನೆಯೊಂದು ಹೊಸ ಕಾರನ್ನು ಸೊಂಡಿಲಿನಿಂದ ಮುಟ್ಟಿ ನೋಡಿ, ಇಷ್ಟವಾಗದೆ ಮಗುಚಿ ಹಾಕಿ ಹೋಗಿತ್ತು. ಉಳಿದದ್ದು ಶೆಡ್ಡು. ಮಾವನವರು ಜೀಪಿಗಾಗಿ ಕಟ್ಟಿಸಿ, ಆಮೇಲೆ ಕಾಫಿ ಮೂಟೆ ಇಡಲೆಂದು ಹಿಂದಕ್ಕೆ ಉದ್ದ ಮಾಡಿಸಿದ್ದು. ನಾನು ಟೇಪು ಹಿಡಿದು ಲಾರಿಯನ್ನೂ ಶೆಡ್ಡನ್ನೂ ಅಳೆದೆ. ಧಾರಾಳವಾಗಿ ಹಿಡಿಸುತ್ತದೆ ಎಂದು ಘೋಷಿಸಿದೆ. ಲಾರಿಗೆ ಎರಡು ಕಡೆ ಕನ್ನಡಿಗಳೂ ಇರುತ್ತವೆ ಎಂಬುದು ಎಡಗಡೆಯದು ಚಟ್ ಎಂದು ಮುರಿದಾಗ ಗಮನಕ್ಕೆ ಬಂತು.

"ನೀನು ರೈಟ್ ರೈಟ್ ಅಂದಿದ್ದಲ್ಲನಾ?" ಅಂದರು ನಮ್ಮವರು, ಕಿಟಕಿಯಿಂದ ತಲೆ ಹೊರಗೆ ಹಾಕಿ.

"ಲಾರಿಗೆ ಅಂದಿದ್ದು. ಕನ್ನಡಿಗಲ್ಲ."

ಅಂತೂ ಮೂತಿ ಒಳಗೆ, ಬಾಲ ಹೊರಗೆ ಎಂಬಂತೆ ಲಾರಿ ಶೆಡ್ಡಿನೊಳಗೆ ಸೇರಿತು. ಎಡಗಡೆ ಗೋಡೆಗೆ ಅಂಟಿಕೊಂಡಿತ್ತು. ಬಲಗಡೆ, ಡ್ರೈವರ್ ಬಾಗಿಲು ತೆಗೆದು ಒಬ್ಬರು ಇಳಿಯುವಷ್ಟು ಓಣಿ ಉಳಿದಿತ್ತು. ದಯವಿಟ್ಟು ಈ ಓಣಿಯನ್ನು ನೆನಪಿಡಿ. ನಾನು ಮರೆತದ್ದೇ ಎಲ್ಲಕ್ಕೂ ಕಾರಣ.

ಶೆಡ್ಡಿನಲ್ಲಿ ಒಂದು ಬಲ್ಬು ಬಿಟ್ಟರೆ ಬೇರೆ ಕರೆಂಟಿಲ್ಲ. ದಪ್ಪ ಪ್ಲಗ್ಗು ಇದ್ದದ್ದು ಕಣದ ಆಚೆ ಬದಿಯ ಪಲ್ಪರ್ ಮನೆಯಲ್ಲಿ, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರವಿರುವ ಕೋಣೆಯಲ್ಲಿ. ಅಲ್ಲಿಂದ ಎಳೆಯಲು ನಮ್ಮಲ್ಲೊಂದು ಕೇಬಲ್ ಸುರುಳಿ ಇತ್ತು. ಅರ್ಧದಷ್ಟು ಬಿಚ್ಚಿದ್ದೇ ಶೆಡ್ಡು ಮುಟ್ಟಿತು. ಉಳಿದ ಅರ್ಧವನ್ನೂ ಬಿಚ್ಚಿಬಿಡೋಣ, ಸುತ್ತಿದ್ದರೆ ಬಿಸಿಯಾಗುತ್ತದೆ ಎಂದು ಎಲ್ಲೋ ಕೇಳಿದ ನೆನಪು ಅಂದರು ನಮ್ಮವರು. ಜನ ಓಡಾಡುವ ಕಡೆ ಕೇಬಲ್ ಹಾವಿನ ಹಾಗೆ ಬಿದ್ದಿದ್ದರೆ ಯಾರಾದರೂ ಎಡವಿ ಬೀಳುತ್ತಾರೆ, ಅಚ್ಚುಕಟ್ಟು ಎಂಬುದೂ ಒಂದು ಸುರಕ್ಷತೆಯೇ ಎಂದು ನಾನು ಉಪನ್ಯಾಸ ಕೊಟ್ಟೆ. ಸುರುಳಿಯನ್ನು ಆ ಓಣಿಯಲ್ಲಿ, ಡ್ರೈವರ್ ಬಾಗಿಲ ಹತ್ತಿರ ಗೋಡೆಗೆ ಒರಗಿಸಿ ಇಟ್ಟೆ. ಸ್ವಿಚ್ಚು ಹಾಕಿದೆವು. ಲಾರಿಯೊಳಗೆ ಹಸಿರು ದೀಪ ಹತ್ತಿತು. ನಾನು ಕೈ ಒರೆಸಿಕೊಂಡೆ.

ನಮ್ಮವರಿಗೆ ನೆಮ್ಮದಿಯಿಲ್ಲ. ಒಲೆಯ ಮೇಲಿನ ಹಾಲು ಕಾಯುವವರ ಹಾಗೆ ಗಳಿಗೆಗೊಮ್ಮೆ ಹೋಗಿ ಪರದೆಯ ಮೇಲೆ ಎಷ್ಟು ಪರ್ಸೆಂಟ್ ಆಯಿತೆಂದು ನೋಡಿ ಬರುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಹೋದವರು ಸೀಟು ಹಿಂದಕ್ಕೆ ಮಲಗಿಸಿ, ಗಾಜು ಏರಿಸಿ, ಏಸಿ ಹಾಕಿಕೊಂಡು ನಿದ್ದೆ ಹೋದರು. ಅವರ ಫೋನು ಊಟದ ಮೇಜಿನ ಮೇಲಿತ್ತು. ಅವರು ಲಾರಿಯೊಳಗಿದ್ದಾರೆಂದು ಈ ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆಗ ಬಾಬಾಬುಡನ್‌ಗಿರಿಯ ಕಡೆಯಿಂದ ಮೋಡ ಇಳಿಯಿತು. ಜನವರಿಯಲ್ಲಿ ಮಳೆ!

ಕಾಫಿ ಸೀಮೆಯಲ್ಲಿ ಕೊಯ್ಲಿನ ಕಾಲಕ್ಕೆ ಮೋಡ ಕಂಡರೆ ಮನುಷ್ಯರು ಯೋಚಿಸುವುದಿಲ್ಲ, ಓಡುತ್ತಾರೆ. ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಓಡುತ್ತಾರೆ. ಅರೆ ಒಣಗಿದ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸುವುದು, ಒಣಗಿ ಮೂಟೆ ಕಟ್ಟಿದ್ದನ್ನು ಶೆಡ್ಡಿಗೆ ಸೇರಿಸುವುದು. ವರ್ಷಗಳಿಂದ ನಮ್ಮ ಕೈಕಾಲುಗಳಿಗೆ ಇದು ಬಾಯಿಪಾಠ. ಮಾರನೆಯ ದಿನ ಲಾರಿಗೆ ತುಂಬಲೆಂದು ಕಣದ ಅಂಚಿನಲ್ಲಿ ಜೋಡಿಸಿಟ್ಟಿದ್ದ ಮೂಟೆಗಳನ್ನು ಆಳುಗಳು ಬೆನ್ನಿಗೇರಿಸಿಕೊಂಡು ಶೆಡ್ಡಿನತ್ತ ಓಡಿದರು. ನಾನು ಕಣದ ನಡುವೆ ನಿಂತು ದಂಡನಾಯಕಿಯಂತೆ ಕೈ ಬೀಸುತ್ತಿದ್ದೆ.

ನಮ್ಮ ತೋಟದ ರೈಟರು, ಅಂದರೆ ಆಳು, ಲೆಕ್ಕ ಎಲ್ಲ ನೋಡಿಕೊಳ್ಳುವ ಸೀನಣ್ಣ, ಶೆಡ್ಡಿನ ಬಾಗಿಲಿಂದ ಕೂಗಿದರು. "ಅಮ್ಮಾ, ಲಾರಿ ಉಂಟಲ್ಲ ಇಲ್ಲಿ. ಮೂಟೆ ಎಲ್ಲಿ ಇಡೂದು?"

"ಬಲಗಡೆ ಸಂದಿ ಇದೆಯಲ್ಲ, ಅಲ್ಲೇ ಒತ್ತಿ ಜೋಡ್ಸಿ."

"ಅಲ್ಲಿ ಕೇಬಲ್ ಉಂಟು."

"ಅದರ ಮೇಲೇ ಇಡಿ ಸೀನಣ್ಣ. ರಬ್ಬರು, ಏನೂ ಆಗಲ್ಲ."

ಈ ವಾಕ್ಯ ಈಗಲೂ ಬೆಳಗಿನ ಜಾವ ನನ್ನ ಕಿವಿಯಲ್ಲಿ ಕೇಳುತ್ತದೆ. ನನ್ನದೇ ದನಿ. ಎಷ್ಟು ಆತ್ಮವಿಶ್ವಾಸ!

ಮಳೆ ಬಿತ್ತು. ಎಲ್ಲರೂ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡಿದ್ದರಿಂದ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ದಪ್ಪನೆಯ ಒಂದು ಕೊಪ್ಪೆ ಟಾರ್ಪಾಲನ್ನು ನಿಧಾನವಾಗಿ ಎಳೆಯುತ್ತಿತ್ತು. ಅದು ನಮ್ಮವರೇ ಎಂದು ತಿಳಿದ ನಾನು, ಉಣ್ಣುವಾಗ ಇರುವ ಚುರುಕು ಈಗೆಲ್ಲಿ ಹೋಯಿತು, ಸ್ವಲ್ಪ ಬೆನ್ನು ಬಗ್ಗಿಸಿ ಎಂದು ಗದರಿದೆ. ಕೊಪ್ಪೆ ಮರುಮಾತಾಡದೆ ಬೆನ್ನು ಬಗ್ಗಿಸಿತು.

ಕೆಲಸ ಮುಗಿಸಿ ಎಲ್ಲರೂ ಜಗಲಿ ಸೇರಿದರು. ನಾನು ಬಿಸಿ ಕಾಫಿ ಹಂಚುತ್ತಿದ್ದೆ. ಗಾಳಿಯಲ್ಲಿ ಘಮ್ಮೆಂದು ಕಾಫಿ ಬೀಜ ಹುರಿಯುವ ಪರಿಮಳ. ಆಳು ಗಿರಿಜಾ ಮೂಗರಳಿಸಿ, ಇವತ್ತು ಯಾರ ಮನೆಯಲ್ಲೋ ಪುಡಿ ಮಾಡುತ್ತಿದ್ದಾರೆ, ಚೆನ್ನಾಗಿ ಹದ ಹಿಡಿದಿದ್ದಾರೆ ಅಂದಳು. ಎಲ್ಲರೂ ಹೌದು ಹೌದೆಂದರು. ನಾನೂ ಉಸಿರೆಳೆದು ಮೆಚ್ಚಿದೆ. ದಪ್ಪ ಕೊಪ್ಪೆಯ ಕೈಗೆ ಲೋಟ ಕೊಟ್ಟು, ಸಾಕು ಮುನಿಸು, ಕುಡೀರಿ ಎಂದೆ.

ಕೊಪ್ಪೆ ಸರಿಯಿತು. ಒಳಗೆ ಸೀನಣ್ಣ ಇದ್ದರು.

"ಇವರೆಲ್ಲಿ?" ಅಂದೆ.

ಎಲ್ಲರೂ ಕೊಪ್ಪೆ ಸರಿಸಿ ಅಕ್ಕಪಕ್ಕ ನೋಡಿದರು. ಆಗಲೇ, ಶೆಡ್ಡಿನ ತಗಡಿನ ಮೇಲೆ ಮಳೆ ಬಡಿಯುವ ಸದ್ದಿನ ನಡುವೆ, ಒಂದು ಹಾರನ್ನು ಕೇಳುತ್ತಿತ್ತು. ತುಂಬ ಹೊತ್ತಿನಿಂದ ಕೇಳುತ್ತಿತ್ತು. ರಸ್ತೆಯ ತಿರುವಿನಲ್ಲಿ ಯಾವುದೋ ಬಸ್ಸು ಎಂದುಕೊಂಡಿದ್ದೆವು.

ನನ್ನ ಕೈಯಿಂದ ತಟ್ಟೆ ಬಿತ್ತು. ಓಡಿದೆವು. ಶೆಡ್ಡಿನೊಳಗೆ ಹೊಗೆ. ಓಣಿಯ ತುಂಬ ಮೂಟೆಗಳು, ಲಾರಿಯ ಕಿಟಕಿಯ ಅರ್ಧದವರೆಗೆ, ಗೋಡೆ ಕಟ್ಟಿದಷ್ಟು ಬಿಗಿಯಾಗಿ. ನಮ್ಮ ಆಳುಗಳು ಮೂಟೆ ಜೋಡಿಸುವುದರಲ್ಲಿ ನಿಪುಣರು. ಆ ಗೋಡೆಯ ಬುಡದಿಂದ ಹೊಗೆ ಎದ್ದು ಬರುತ್ತಿತ್ತು. ಕಾಫಿಯ ಪರಿಮಳ ಹೋಗಿ ಈಗ ಸುಟ್ಟ ಗೋಣಿ, ಕರಗಿದ ರಬ್ಬರಿನ ಕಮಟು. ಅದರಾಚೆ, ಗಾಜಿನ ಹಿಂದೆ, ನಮ್ಮವರ ಮುಖ.

ಬಾಗಿಲು ತೆಗೆಯಲು ಮೂಟೆ ಬಿಡುವುದಿಲ್ಲ. ಆಚೆಯ ಬಾಗಿಲಿಗೆ ಗೋಡೆ. ಪ್ಲಗ್ಗು ಚುಚ್ಚಿರುವವರೆಗೆ ಲಾರಿ ಕದಲುವುದಿಲ್ಲ. ಅದನ್ನು ಹಾಗೆಯೇ ತಯಾರು ಮಾಡಿದ್ದಾರಂತೆ, ಸುರಕ್ಷತೆಗಾಗಿ.

"ಯಾರೂ ಲಾರಿ ಮುಟ್ಬೇಡಿ, ಕರೆಂಟು ಹರಿದಿದ್ರೆ ಕಷ್ಟ" ಎಂದು ಕಿರುಚಿದೆ. "ರೀ, ನೀವೂ ಏನೂ ಮುಟ್ಬೇಡಿ."

ಗಾಜು ಒಂದು ಬೆರಳಿನಷ್ಟು ಇಳಿಯಿತು. ಕೆಮ್ಮಿನ ನಡುವೆ ದನಿ ಬಂತು. "ಲಾರಿ ಒಳಗೇ ಕೂತಿದ್ದೀನಿ ಮಾರಾಯ್ತಿ. ಎಂತ ಮುಟ್ದೆ ಇರೂದು?"

ನಾನು ಪಲ್ಪರ್ ಮನೆಗೆ ಓಡಿದೆ. ಒದ್ದೆ ಕಣದಲ್ಲಿ ಒಮ್ಮೆ ಬಿದ್ದೆ. ಒಳಗೆ ಕತ್ತಲು. ಗೋಡೆಯ ಮೇಲೆ ಮೂರು ಕಬ್ಬಿಣದ ಸ್ವಿಚ್ಚು ಪೆಟ್ಟಿಗೆಗಳು. ಮೊದಲು ಸಿಕ್ಕಿದ್ದರ ಹಿಡಿಯನ್ನು ಕೆಳಗೆಳೆದು, "ಆಫ್ ಮಾಡಿದೆ, ಎಳೀರಿ" ಎಂದು ಕೂಗುತ್ತ ಹೊರಗೆ ಬಂದೆ. ಸೀನಣ್ಣ ಮೂಟೆಗಳ ಮೇಲೆ ಹತ್ತಿ, ತೆವಳಿಕೊಂಡು ಕಿಟಕಿಯತ್ತ ಹೋಗುತ್ತಿರುವುದು ಕಾಣಿಸಿತು. ಅವರ ಕೈ ಲಾರಿಯ ಮೈಮೇಲಿತ್ತು.

ಶೆಡ್ಡಿನ ಬಲ್ಬು ಆರಿತ್ತು, ನನ್ನ ಸ್ವಿಚ್ಚಿನಿಂದಲೇ ಎಂದುಕೊಂಡೆ. ಆಗ, ಮೋಡ ಕವಿದಾಗ ಹಾಕಿದ್ದ ಜಗಲಿಯ ಬಲ್ಬಿನ ಕಡೆ ಕಣ್ಣು ಹೋಯಿತು. ಅದೂ ಆರಿತ್ತು. ಜಗಲಿಗೂ ಪಲ್ಪರ್ ಮನೆಗೂ ಸಂಬಂಧವೇ ಇಲ್ಲ. ಎಂದರೆ ಕರೆಂಟು ತಾನಾಗಿಯೇ ಹೋಗಿದೆ. ಹಾಗಾದರೆ ನಾನು ಆಫ್ ಮಾಡಿದ್ದು ಯಾವುದನ್ನು?

ವಾಪಸ್ಸು ಓಡಿ, ಕಣ್ಣು ಹತ್ತಿರ ಇಟ್ಟು ನೋಡಿದೆ. ನೀರಿನ ಮೋಟರಿನದು. ಲಾರಿಯದು ಪಕ್ಕದಲ್ಲಿ ಹಿಡಿ ಎತ್ತಿಕೊಂಡು ಆನ್ ಆಗಿಯೇ ನಿಂತಿತ್ತು. ನಮ್ಮೂರಿನ ಕರೆಂಟು ಒಮ್ಮೆ ಹೋದರೆ ಸುಮ್ಮನಿರುವುದಿಲ್ಲ. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಅದು ಬರುವ ಕ್ಷಣಕ್ಕೆ ಕರಗಿದ ಕೇಬಲ್ಲಿನ ಮೇಲೆ ಸೀನಣ್ಣ, ಕಿಟಕಿಯಲ್ಲಿ ಅರ್ಧ ಹೊರಬಂದ ನನ್ನ ಗಂಡ. ಹಿಡಿಯನ್ನು ಎರಡೂ ಕೈಯಿಂದ ಕೆಳಗೆಳೆದೆ. ಅದು ಹಳೆಯ ಸ್ವಿಚ್ಚು, ಬಿಟ್ಟರೆ ಒಳಗಿನ ಸ್ಪ್ರಿಂಗು ಮೇಲಕ್ಕೆ ಎಳೆಯುತ್ತಿತ್ತು. ಬಿಡಲಿಲ್ಲ. ಇಡೀ ಮೈಭಾರ ಹಾಕಿ ಜೋತುಬಿದ್ದೆ.

ಶೆಡ್ಡಿನಿಂದ ಕೂಗಾಟ ಕೇಳಿತು. ಏನೋ ಧಪ್ಪೆಂದು ಬಿದ್ದ ಸದ್ದು. ಯಾರೋ ನೀರು ಎಂದರು, ಯಾರೋ ಬೇಡ ಮಣ್ಣು ಹಾಕಿ ಎಂದರು. ಆಮೇಲೆ ಎಲ್ಲ ನಿಂತುಹೋಯಿತು. ಮಳೆಯ ಸದ್ದಷ್ಟೇ.

ಆ ಮೌನ ಎಷ್ಟು ಹೊತ್ತಿತ್ತೋ ನನಗೆ ತಿಳಿಯದು. ಬದುಕಿದ್ದರೆ ನಗುತ್ತಾರೆ, ಬೈಯುತ್ತಾರೆ, ಏನಾದರೂ ಸದ್ದು ಮಾಡುತ್ತಾರೆ. ಸುಮ್ಮನಿರುವುದು ಯಾವಾಗ? ಹೋಗಿ ನೋಡೋಣವೆಂದರೆ ಕೈ ಬಿಡುವಂತಿಲ್ಲ. ಕೂಗಿದೆ, ಮಳೆಯ ಸದ್ದಿನಲ್ಲಿ ಅದು ಬಾಗಿಲು ದಾಟಲಿಲ್ಲ. ಹೊರಗೆ ಬೆಳಕು ಇಳಿಯುತ್ತಿತ್ತು. ಇನ್ನು ಮೇಲೆ ಅವರು ಏನು ಹೇಳಿದರೂ ಎದುರಾಡುವುದಿಲ್ಲ ಎಂದು ಎಲ್ಲ ದೇವರಿಗೂ ಮಾತು ಕೊಟ್ಟೆ. ಹೊರನಾಡಿನ ಅಮ್ಮನಿಗೆ ಎರಡೆರಡು ಸಲ ಕೊಟ್ಟೆ.

ಬಾಗಿಲಲ್ಲಿ ಟಾರ್ಚು ಬೆಳಗಿತು. ಅದರ ಹಿಂದೆ ಒಬ್ಬ ಮನುಷ್ಯ. ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡಿದ್ದ. ನನ್ನ ಗಂಡ.

"ಇಲ್ಲಿದ್ದೀಯ? ಮನೆ, ಕೊಟ್ಟಿಗೆ, ತೋಟ ಎಲ್ಲ ಹುಡುಕಿ ಆಯ್ತು. ಎಲ್ಲರೂ ನಿನ್ನ ಹೆಸರು ಹಿಡಿದು ಕೂಗ್ತಾ ತೋಟದ ಆ ಕಡೆ ಹೋಗಿದ್ದಾರೆ."

ಅವರ ಕೈಕಾಲುಗಳನ್ನು ಒಂದೊಂದಾಗಿ ನೋಡಿದೆ. ಎಲ್ಲ ಇದ್ದವು. ಕಿಟಕಿಯಿಂದ ಎಳೆಯುವಾಗ ತರಚಿದ ಗಾಯವೊಂದೇ, ಸೀನಣ್ಣನಿಗೂ ಏನೂ ಆಗಿಲ್ಲ, ಹತ್ತಿಕೊಂಡ ಮೂಟೆಗಳನ್ನು ಮಳೆಗೆ ಎಳೆದು ಹಾಕಿದ್ದೇವೆ ಎಂದು ಅವರೇ ಹೇಳಿದರು.

"ಕೈ ಬಿಡು ಈಗ."

"ಕರೆಂಟು ಬಂದ್ರೆ?"

"ಬರಲ್ಲ ಕಣೇ. ಲೈನಿನ ಮೇಲೆ ಮರ ಬಿದ್ದಿದೆಯಂತೆ. ನಾಳೆ ಮಧ್ಯಾಹ್ನ ಬಂದ್ರೆ ನಮ್ಮ ಪುಣ್ಯ."

"ಬಂದ್ರೆ?" ಅಂದೆ.

ನಮ್ಮವರು ನನ್ನನ್ನೊಮ್ಮೆ, ಸ್ವಿಚ್ಚನ್ನೊಮ್ಮೆ ನೋಡಿದರು. ಆಮೇಲೆ ಟಾರ್ಚನ್ನು ನನ್ನ ಮೊಣಕಾಲಿನ ಬಳಿಗೆ ತಿರುಗಿಸಿದರು. ಅಲ್ಲಿ, ಆ ಸ್ವಿಚ್ಚಿನ ಕೆಳಗೇ, ಕೇಬಲ್ ಚುಚ್ಚಿದ್ದ ಪ್ಲಗ್ಗಿತ್ತು. ಅವರು ಬಗ್ಗಿ, ಒಂದೇ ಕೈಯಲ್ಲಿ ಅದನ್ನು ಕಿತ್ತು, ನನ್ನ ಕಣ್ಣ ಮುಂದೆ ಹಿಡಿದರು.

ಭೌತಶಾಸ್ತ್ರದ ಪದವೀಧರೆಯಾದ ನಾನು ಅದನ್ನು ಸ್ಪಷ್ಟವಾಗಿ ನೋಡಿದೆ, ಅರ್ಥವನ್ನೂ ಮಾಡಿಕೊಂಡೆ. ಆದರೂ ಕೈ ಬಿಡಲಿಲ್ಲ. ಕೊನೆಗೆ ಸೀನಣ್ಣ ಬಂದು ನನ್ನ ಬೆರಳುಗಳನ್ನು ಬಿಡಿಸಬೇಕಾಯಿತು.