ಆ್ಯಪಿಗೆ ತಿಳಿಯದ ಹೆದ್ರಿಕಿ

'ಅಡ್ಡಿಲ್ಲ' ಎಂಬ ಒಂದೇ ಮಾತಿನಲ್ಲಿ ನಾನು ಇಷ್ಟು ವರ್ಷ ಬಾಳಿದ್ದೇನೆ. ಊಟ ಹೇಗಿತ್ತು ಎಂದರೂ ಅಡ್ಡಿಲ್ಲ, ಮಗಳ ಗಂಡನ ಮನೆಯವರು ಹೇಗೆ ಎಂದರೂ ಅಡ್ಡಿಲ್ಲ, ಹಲ್ಲು ಕೀಳಿಸಿಕೊಂಡು ಬಂದಾಗ ನೋವುಂಟೇ ಎಂದು ಕೇಳಿದರೂ ಅಡ್ಡಿಲ್ಲ. ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಏಜೆಂಟನಾಗಿ ದಿನವಿಡೀ 'ಬೈಂದೂರ್, ಬೈಂದೂರ್' ಎಂದು ಕೂಗುವ ನನಗೆ ಗಂಟಲಿಗೇನೂ ಕೊರತೆಯಿಲ್ಲ. ಆದರೆ ಆ ಗಂಟಲಿನಿಂದ ಒಳಗಿನ ಸಂಗತಿ ಹೊರಬಂದದ್ದು ತೀರಾ ಕಡಿಮೆ.

ಹೀಗಿರುವಾಗ ನನ್ನ ಹೆಂಡತಿ ವನಜ ನ್ಯುಮೋನಿಯಾ ಜೋರಾಗಿ ಐಸಿಯು ಸೇರಿದಳು. ಹೊರಗಿನ ಹಜಾರದಲ್ಲಿ ನಾನು, ಅವಳ ಅಕ್ಕ ಗಿರಿಜಕ್ಕ ಇಬ್ಬರೂ ಗೋಡೆ ನೋಡುತ್ತಾ ಕೂತಿರುತ್ತಿದ್ದೆವು. ಗಿರಿಜಕ್ಕ ಮೀನು ಮಾರ್ಕೆಟ್ಟಿನಲ್ಲಿ ಎಂಥ ಗಿರಾಕಿಗೂ ಜಗ್ಗದವರು. ಆಸ್ಪತ್ರೆಯಲ್ಲಿ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ನಮ್ಮನ್ನು ನೋಡಿದ ಆಸ್ಪತ್ರೆಯ ಆಪ್ತಸಮಾಲೋಚಕಿ, ರೋಗಿಗಳ ಮನೆಯವರ ಮನಸ್ಸು ಕುಸಿಯದಿರಲೆಂದು ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟರು.

ಅದು ದಿನವೂ 'ಇಂದು ನಿಮ್ಮ ಮನಸ್ಸು ಹೇಗಿದೆ?' ಎಂದು ಕೇಳಿ, ನಗುವ ಮುಖದಿಂದ ಅಳುವ ಮುಖದವರೆಗೆ ಸಾಲಾಗಿ ತೋರಿಸುತ್ತಿತ್ತು. ಬೆಳ್ಳಂಬೆಳಗ್ಗೆ ಅಳುವ ಮುಖ ಒತ್ತುವುದು ಅಪಶಕುನವೆಂದು ನಾನು ನಗುವುದನ್ನೇ ಒತ್ತುತ್ತಿದ್ದೆ. 'ಬಹಳ ಚೆನ್ನಾಗಿ ನಿಭಾಯಿಸುತ್ತಿದ್ದೀರಿ!' ಎಂದು ಅದು ಬೆನ್ನು ತಟ್ಟುತ್ತಿತ್ತು. ಯಾವ ಮೇಷ್ಟ್ರೂ ಕೊಡದ ಶಹಭಾಸ್‌ಗಿರಿ. ಸುಳ್ಳು ಹೇಳಿ ಪಡೆದದ್ದಾದರೂ ಹಿತವಾಗಿಯೇ ಇತ್ತು.

ವೆಂಟಿಲೇಟರ್ ಹಾಕಬೇಕು ಎಂದು ಡಾಕ್ಟರು ಹೇಳಿದ ದಿನ ನನ್ನ ಬೆರಳು ಯಾವ ಮುಖದ ಮೇಲೂ ಇಳಿಯಲಿಲ್ಲ. ಆ್ಯಪಿಗೆ ಅನುಮಾನ ಬಂದಿರಬೇಕು, 'ದೀರ್ಘವಾಗಿ ಉಸಿರೆಳೆದು ನಿಧಾನವಾಗಿ ಬಿಡಿ' ಎಂದಿತು. ನಾನು ಶ್ರದ್ಧೆಯಿಂದ ಎಳೆದು ಬಿಟ್ಟೆ.

"ಭಾವ, ಎಂತ ಆಯ್ತ್? ಉಬ್ಸ ಬಂತಾ? ಹ್ವಾಯ್ ಸಿಸ್ಟರ್, ಇಲ್ಲ್ ಬನ್ನಿ!" ಎಂದು ಗಿರಿಜಕ್ಕ ಕೂಗಿದ್ದೇ ತಡ, ನರ್ಸೊಬ್ಬರು ವೀಲ್‌ಚೇರ್ ತಳ್ಳಿಕೊಂಡು ಓಡಿಬಂದರು. ನನಗೇನೂ ಆಗಿಲ್ಲವೆಂದು ಅವರನ್ನು ನಂಬಿಸುವಷ್ಟರಲ್ಲಿ ನಿಜವಾಗಿಯೂ ಉಬ್ಬಸ ಬಂತು.

ಆ್ಯಪ್ ಬಿಡಲಿಲ್ಲ. 'ನಿಮ್ಮ ಮನಸ್ಸಿನಲ್ಲಿರುವುದನ್ನು ಮಾತನಾಡಿ ತಿಳಿಸಿ' ಎಂದಿತು. ಇದೇನು ಮನುಷ್ಯರಲ್ಲವಲ್ಲ, ನಾಳೆ ಬಸ್‌ಸ್ಟ್ಯಾಂಡಿಗೆ ಬಂದು ಆಡಿಕೊಳ್ಳುವುದಿಲ್ಲ ಎಂಬ ಧೈರ್ಯದಲ್ಲಿ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, "ಹೆದ್ರಿಕಿ ಆತ್ತ್" ಎಂದು ನಮ್ಮೂರ ಮಾತಿನಲ್ಲೇ ಮೆಲ್ಲಗೆ ಹೇಳಿದೆ.

'ಕ್ಷಮಿಸಿ, ಅರ್ಥವಾಗಲಿಲ್ಲ. ದಯವಿಟ್ಟು ಸ್ಪಷ್ಟವಾಗಿ ಹೇಳಿ.'

"ಹೆದ್ರಿಕಿ ಆತ್ತ್."

'ಕ್ಷಮಿಸಿ, ಅರ್ಥವಾಗಲಿಲ್ಲ.'

ನನಗೆ ರೇಗಿತು. "ಹೆದ್ರಿಕಿ ಆತ್ತ್ ಅಂದೆ! ಅವ್ಳ್ ಎದ್ದ್ ಬತ್ಲೊ ಇಲ್ಯೊ ಅಂದೇಳಿ ಹೆದ್ರಿಕಿ ಆತ್ತ್!"

ಬಸ್ಸು ಕೂಗುವ ಗಂಟಲಲ್ಲವೇ, ಹಜಾರಕ್ಕೆ ಹಜಾರವೇ ನನ್ನತ್ತ ತಿರುಗಿತು. ನಾನು ತಲೆ ತಗ್ಗಿಸಿದೆ. ಪಕ್ಕದಿಂದ ಗಿರಿಜಕ್ಕನ ಸಣ್ಣ ದನಿ ಕೇಳಿಸಿತು: "ನಂಗೂ ಆತ್ತ್ ಭಾವ. ನೀವ್ ಧೈರ್ಯದಂಗೆ ಕೂಕಂಡದ್ ಕಂಡ್ ನಾನ್ ಸುಮ್ನಿದ್ದೆ." ಅಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು. ಗಂಡನನ್ನು ಒಳಗೆ ಮಲಗಿಸಿದ್ದ ಗುಲ್ವಾಡಿಯ ಹೆಂಗಸೊಬ್ಬರು ಎದ್ದು ಬಂದು ಅವರ ಪಕ್ಕ ಕೂತು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. ಆಮೇಲೆ ಮಾತೇ ಮಾತು. ಆ್ಯಪ್ ನಡುನಡುವೆ ಟಣ್ ಎನ್ನುತ್ತಿತ್ತು. ಅದನ್ನು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

ವನಜ ಉಳಿದುಕೊಂಡಳು. ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ದಿಂಬಿಗೆ ಒರಗಿ ಕೂತವಳು, "ಅಕ್ಕ ಹೇಳ್ತ್, ನೀವ್ ಭಾರೀ ಹೆದ್ರಿದ್ರಂಬ್ರಲೆ?" ಎಂದಳು.

"ನಾನಾ? ಅದ್ ಮೊಬೈಲ್ ಸಮ ಇಲ್ದೆ ಜೋರ್ ಮಾತಾಡದ್ದ್."

ಅವಳಿಗೆ ನಗು ಬಂತು. ನಗು ಹೋಗಿ ಕೆಮ್ಮಾಯಿತು. ಆ ಕೆಮ್ಮು ಕಿವಿಗೆ ಬಿದ್ದೊಡನೆ ನನ್ನ ಕೈಯಲ್ಲಿದ್ದ ಗಂಜಿಯ ಬಟ್ಟಲು ನೆಲಕ್ಕೆ ಬಿತ್ತು. ಅವಳು ಬಟ್ಟಲನ್ನು ನೋಡಿದಳು, ನನ್ನನ್ನು ನೋಡಿದಳು.

"ಬಟ್ಲ್ ಬಿಸಿ ಇದ್ದಿತ್" ಎಂದು ನಾನು ಒರೆಸುವ ಬಟ್ಟೆ ಹುಡುಕುತ್ತಾ ಒಳಗೆ ಹೋದೆ. ತಣಿದು ಹೋಗಿದೆ ಎಂದು ಅವಳೇ ಆಗಷ್ಟೇ ನನ್ನ ಕೈಗೆ ವಾಪಸು ಕೊಟ್ಟಿದ್ದ ಗಂಜಿ ಅದು.